ಬೇಲಿಪಂಚನ ತಲೆದಿಂಬು

ಆರಿನ್ ಟಟಲ್‌ನ ಮನೆಯಲ್ಲಿ ಉಪ್ಪು ಕೆನಡಾದಲ್ಲಿತ್ತು, ಮೆಣಸಿನಪುಡಿ ಅಮೆರಿಕದಲ್ಲಿತ್ತು. ಎರಡೂ ಒಂದೇ ಅಡುಗೆಮನೆಯ ಒಂದೇ ಹಲಗೆಯ ಮೇಲೆ. ಕೆಳಗೆ ನೆಲದ ಮೇಲೆ ಅವನ ತಾತ ಎಳೆದ ಕೆಂಪು ಬಣ್ಣದ ಗೆರೆ. ಒಲೆಯ ಪಕ್ಕದಲ್ಲಿ ಹಾದು, ನಡುಮನೆಯನ್ನು ಸೀಳಿ, ಮಲಗುವ ಕೋಣೆಯಲ್ಲಿ ಮಂಚದ ಕೆಳಗೆ ನುಸುಳಿ ಗೋಡೆಯಾಚೆ ಹೋಗುತ್ತಿತ್ತು. ಅದೇ ಎರಡು ದೇಶಗಳ ಗಡಿ.

ತಾತ ಹೆಡ್ಡನೇನಲ್ಲ. ಅಮೆರಿಕದಲ್ಲಿ ಹೆಂಡ ಮುಟ್ಟಕೂಡದು ಅಂತ ಕಾನೂನು ಬಂದ ಕಾಲದಲ್ಲಿ ಬೇಕೆಂದೇ ಗಡಿಯ ನೆತ್ತಿಯ ಮೇಲೆ ಮನೆ ಎಬ್ಬಿಸಿದ. ಪೀಪಾಯಿಗಳನ್ನೆಲ್ಲ ಗೆರೆಯಾಚೆ ಇಟ್ಟ. ಪೊಲೀಸರು ಮುಂಬಾಗಿಲಿಗೆ ಬಂದರೆ ಕುಡುಕರು ಲೋಟ ಸಮೇತ ಎದ್ದು ಎರಡು ಹೆಜ್ಜೆ ಇಟ್ಟು ಪರದೇಶ ಸೇರಿಕೊಂಡು, ಅಲ್ಲಿಂದಲೇ ಪೊಲೀಸರ ಹೆಂಡಿರು ಮಕ್ಕಳ ಕ್ಷೇಮಸಮಾಚಾರ ವಿಚಾರಿಸುತ್ತಿದ್ದರಂತೆ. ಕೆಂಪು ಗೆರೆ ಎಳೆದದ್ದು ಅದಕ್ಕೇ. ಕುಡಿದವನಿಗೂ ಕಾಣಬೇಕಲ್ಲ!

ಆ ಗೆರೆಯಾದರೂ ನೆಟ್ಟಗಿತ್ತೇ? ಎಲ್ಲಿಯ ಮಾತು. ಹಿಂದಿನ ಕಾಲದಲ್ಲಿ ಸರ್ವೆ ಮಾಡಲು ಬಂದವರು ಸರಪಳಿ ಹೊತ್ತದ್ದಕ್ಕಿಂತ ರಮ್ಮಿನ ಜಾಡಿ ಹೊತ್ತದ್ದೇ ಹೆಚ್ಚು ಅಂತ ಊರವರ ಅಂಬೋಣ. ಹಾಗಾಗಿ ಕಾಲ್ಡರ್ ಕೌಂಟಿಯ ಬಡಗಣ ಅಂಚು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿ, ಅವರು ಎಲ್ಲೆಲ್ಲಿ ಕೂತು ಜಾಡಿ ಎತ್ತಿದರು ಅನ್ನುವುದನ್ನು ಇವತ್ತಿಗೂ ಹೇಳುತ್ತದೆ. ವರ್ಮಾಂಟ್ ರಾಜ್ಯದ ರಾಜಧಾನಿಯವರಿಗೆ ಇಂಥದ್ದೊಂದು ಕೌಂಟಿ ಇದೆ ಅಂತ ಜ್ಞಾಪಕ ಬರುವುದು ಓಟು ಬೇಕಾದಾಗ ಮಾತ್ರ. ಆಗ ಕೋಟು ಹಾಕಿಕೊಂಡು ಬಂದು, ಹಸುವಿನ ಬೆನ್ನು ತಟ್ಟಿ, ಸಗಣಿ ತುಳಿದು ವಾಪಸು ಹೋಗುತ್ತಾರೆ.

ಆರಿನ್ ಹುಟ್ಟಿದ್ದು ಆ ಮನೆಯಲ್ಲೇ. ಮದುವೆಗೆ ಹೆಣ್ಣು ಕೇಳಲು ಪರದೇಶಕ್ಕೆ ಹೋಗಿದ್ದ. ಪರದೇಶ ಅಂದರೆ ಹಿತ್ತಿಲು ದಾಟಿ ಎಡಕ್ಕೆ. ಸೊಲಾಂಜ್ ಆಚೆ ಕ್ವಿಬೆಕ್ಕಿನ ಹಳ್ಳಿಯವಳು, ಫ್ರೆಂಚ್ ಮಾತಾಡುವವಳು, ಕೈಯಲ್ಲಿ ಕೆಲಸ, ಬಾಯಲ್ಲಿ ಕತ್ತರಿ. ಮದುವೆಯಾಗಿ ಈ ಮನೆಗೆ ಬಂದ ದಿನವೇ ಮಂಚದ ತಲೆಯ ಕಡೆಯನ್ನು ಬಡಗಣಕ್ಕೆ ತಿರುಗಿಸಿದಳು. "ತವರು ಕಡೆ ತಲೆ ಇಟ್ಟು ಮಲಗಿದ್ರೇನೇ ನಂಗೆ ನಿದ್ದೆ" ಅಂದಳು. ಹೊಸ ಗಂಡ, ಹೂಂ ಅಂದ. ಅಂದಿನಿಂದ ಇಬ್ಬರ ತಲೆಯೂ ಕೆನಡಾದಲ್ಲಿ, ಕಾಲು ಅಮೆರಿಕದಲ್ಲಿ. ಅದನ್ನು ಯಾರೂ ಕೇಳಲಿಲ್ಲ. ಕೇಳಲು ಊರವರಿಗೇನು ಬೇರೆ ಕೆಲಸವಿಲ್ಲವೇ?

ಮದುವೆಯಾದ ವರ್ಷವೇ ಊರವರು ಆರಿನ್‌ನನ್ನು ಬೇಲಿಪಂಚನನ್ನಾಗಿ ಆರಿಸಿದರು. ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರೆಲ್ಲ ಸಭಾಮನೆಯಲ್ಲಿ ಸೇರಿ, ಬೇಯಿಸಿದ ಹುರುಳಿಕಾಯಿ ಬೀಜ, ಕಂದು ಬ್ರೆಡ್ಡು, ಸೇಬಿನ ಪೈ ಮೂಸುತ್ತಾ ಕೂತು, ಕೂಗಿ ಕೂಗಿ ಓಟು ಹಾಕುವ ಪದ್ಧತಿ. ರಸ್ತೆಯ ಹಿಮ ಎತ್ತುವವರಿಂದ ಹಿಡಿದು ಸೌದೆ ಅಳೆಯುವವರ ತನಕ ಎಲ್ಲ ಹುದ್ದೆಗೂ ಅಲ್ಲೇ ಆಯ್ಕೆ. ಅದರಲ್ಲಿ ಬೇಲಿಪಂಚ ಅಂದರೆ ಇಬ್ಬರು ರೈತರು ನನ್ನ ಬೇಲಿ ನಿನ್ನ ಬೇಲಿ ಅಂತ ಕಚ್ಚಾಡಿದಾಗ ಹೋಗಿ, ನೋಡಿ, ಇದು ಇವನದು, ಅದು ಅವನದು ಅಂತ ತೀರ್ಪು ಕೊಡುವವನು. ಸಂಬಳವಿಲ್ಲ. ಗೆದ್ದವನು ಒಂದು ಲೋಟ ಕಾಫಿ ಕೊಡುತ್ತಾನೆ, ಸೋತವನು ನಾಯಿ ಬಿಡುತ್ತಾನೆ. ಆದರೆ ಆರಿನ್‌ಗೆ ಅದು ಬರಿಯ ಹುದ್ದೆಯಲ್ಲ, ಪ್ರಾಣ. ಹಸು ಕರೆಯುವುದನ್ನು ಬಿಟ್ಟು, ಮಂಡಿ ಸವೆದು, ಕೂದಲು ಉದುರಿದ ಮೇಲೂ ಬೆಳಿಗ್ಗೆ ಎದ್ದು ಹಲ್ಲು ಕಟ್ಟಿಕೊಂಡು ಕನ್ನಡಿಯಲ್ಲಿ ನೋಡಿಕೊಂಡರೆ ಅಲ್ಲಿ ಕಾಣುತ್ತಿದ್ದದ್ದು ಮುದುಕನಲ್ಲ, ಬೇಲಿಪಂಚ. ಸ್ವಂತ ಭಾವಮೈದುನನಿಗೂ ಒಂದು ಬೆರಳಿನಷ್ಟು ಗೆರೆ ಸರಿಸಿಕೊಟ್ಟವನಲ್ಲ. ಆ ಭಾವಮೈದುನ ಆಮೇಲೆ ಕ್ರಿಸ್‌ಮಸ್ಸಿಗೆ ಬರುವುದನ್ನೇ ಬಿಟ್ಟ. ಸೊಲಾಂಜ್ ಅದಕ್ಕೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಇಂಥವನಿಗೆ ಗಂಡಾಂತರ ತಂದವನು ಪ್ರೆಸ್ಟನ್ ವೈಲಿ. ತೆಂಕಣ ಪಟ್ಟಣದಿಂದ ನಿವೃತ್ತನಾಗಿ ಬಂದ ವಕೀಲ. ಬೆಟ್ಟದ ತಪ್ಪಲಲ್ಲಿ ಜಾಗ ಕೊಂಡು, ಹಸು ಸಾಕದೆ, ಬೆಳೆ ಬೆಳೆಯದೆ, ಬರಿಯ ಬೇಲಿ ಹಾಕಿದ. ಅದೂ ಪಕ್ಕದ ಡೆಲ್ಮರ್‌ನ ಹುಲ್ಲುಗಾವಲಿಗೆ ಒಂದು ಗಜ ನುಗ್ಗಿಸಿ. ಆರಿನ್ ಹೋಗಿ ನೋಡಿ, "ಬೇಲಿ ಹಿಂದಕ್ಕೆ ತಗೊಳ್ಳಿ ಸಾರ್" ಅಂದ. ವೈಲಿ ತೀರ್ಪನ್ನು ಪ್ರಶ್ನಿಸಲು ಆರಿನ್ ಮನೆಗೇ ಬಂದ, ಕಾಫಿ ಕುಡಿದ, ಬಚ್ಚಲಿಗೆ ಹೋಗಬೇಕು ಅಂದ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಮಲಗುವ ಕೋಣೆಯ ಬಾಗಿಲು ತೆರೆದಿತ್ತು. ಕೆಂಪು ಗೆರೆ ಕಂಡಿತು, ಗೆರೆಯ ಮೇಲಿನ ಮಂಚ ಕಂಡಿತು, ಗೆರೆಯಾಚೆ ಎರಡು ದಿಂಬುಗಳೂ ಕಂಡವು. ವಕೀಲನ ಕಣ್ಣು ನೋಡಿ, ಬಚ್ಚಲಿಗೆ ಹೋದರೂ ಸುಮ್ಮನಿರುವುದಿಲ್ಲ.

ಆ ಊರಿಗೆ ಒಂದು ಹಳೆಯ ಕಟ್ಟಳೆಯಿತ್ತು. ಮರ ಕಡಿಯುವವರು ಇವತ್ತು ಈ ಕಾಡಲ್ಲಿ, ನಾಳೆ ಆ ಕಾಡಲ್ಲಿ ಬಿಡಾರ ಹಾಕುತ್ತಿದ್ದ ಕಾಲದ್ದು. ಸಭೆಯ ಹಿಂದಿನ ರಾತ್ರಿ ಯಾರು ಎಲ್ಲಿ ತಲೆಯಿಟ್ಟು ಮಲಗಿದ್ದರೋ ಅವರು ಆ ಊರಿನವರು, ಅಷ್ಟೇ. ವೈಲಿ ಧೂಳು ಹಿಡಿದ ಕಟ್ಟಳೆಯನ್ನು ಕೆದಕಿ ತೆಗೆದು, ಅಂಗಡಿ, ಅಂಚೆಮನೆ, ಪೆಟ್ರೋಲ್ ಬಂಕು ಎಲ್ಲ ಕಡೆ ಹೇಳಿಕೊಂಡು ತಿರುಗಿದ: "ನಿಮ್ಮ ಬೇಲಿಪಂಚ ರಾತ್ರಿಯೆಲ್ಲ ಕೆನಡಾದಲ್ಲಿ ಗೊರಕೆ ಹೊಡೀತಾನೆ. ಪರದೇಶದವನು ನಮ್ಮ ಬೇಲಿ ನೋಡೋದಾ? ಈ ಸಲ ನಾನೇ ನಿಲ್ತೀನಿ."

"ಒಳ್ಳೇ ನ್ಯಾಯ ಕಣಯ್ಯಾ," ಅಂದ ಡೆಲ್ಮರ್. "ಬೇಲೀನೇ ಎದ್ದು ಹೊಲ ಮೇಯೋದು ಕೇಳಿದ್ದೆ. ಹೊಲ ಮೇಯ್ದವನೇ ಬಂದು ನಾನೇ ಬೇಲಿ ಅನ್ನೋದು ಇದೇ ಮೊದಲು."

ಮಾತೇನೋ ಚೆನ್ನಾಗಿತ್ತು. ಆದರೆ ಕಟ್ಟಳೆ ಕಟ್ಟಳೆಯೇ. ಅದು ಗೊತ್ತಾದ ಸಂಜೆ ಆರಿನ್ ಒಂದು ಕೆಲಸ ಮಾಡಿದ. ಅಲ್ಲೇ ಎಡವಟ್ಟಾದದ್ದು. ಗಂಡನಾದವನು ಹೆಂಡತಿಯ ಪಕ್ಕ ಕೂತು, "ಹಿಂಗಾಗಿದೆ ಕಣೇ, ಏನ್ಮಾಡೋಣ?" ಅಂತ ಕೇಳಬಹುದಿತ್ತು. ಈ ಪುಣ್ಯಾತ್ಮ ಅಳತೆಪಟ್ಟಿ ಹಿಡಿದುಕೊಂಡು ಮಲಗುವ ಕೋಣೆಗೆ ನುಗ್ಗಿ, ಮಂಚದ ಕೆಳಗೆ ತೂರಿ, ಅಳೆದು, ಎದ್ದು ನಿಂತು ತೀರ್ಪು ಕೊಟ್ಟ.

"ಮಂಚ ತಿರುಗಿಸ್ಬೇಕು. ತಲೆ ತೆಂಕಣಕ್ಕೆ."

ಸೊಲಾಂಜ್ ಹೆಣೆಯುತ್ತಿದ್ದ ಕಾಲುಚೀಲದಿಂದ ತಲೆಯೆತ್ತಲಿಲ್ಲ. "ಯಾರು ಹೇಳಿದ್ದು?"

"ಅಳತೆ."

"ಓಹೋ! ನೀನು ಮದುವೆ ಆಗಿದ್ದು ಅಳತೇನಾ? ಹಂಗಾದ್ರೆ ಅದರ ಪಕ್ಕಾನೇ ಮಲಕ್ಕೋ ಹೋಗು."

ಅವಳ ಹಟಕ್ಕೂ ಕಾರಣವಿತ್ತು. ಸೊಲಾಂಜ್ ಆಚೆ ಹಳ್ಳಿಯ ಪಂಚಾಯ್ತಿಯಲ್ಲಿ ಸದಸ್ಯೆ. ಅಲ್ಲೂ ಇಂಥದ್ದೇ ತಲೆಯ ಕಟ್ಟಳೆ. ಅವಳ ತಲೆ ಅಮೆರಿಕಕ್ಕೆ ಬಂದರೆ ಆ ಕಡೆ ಕುರ್ಚಿ ಹೋಯಿತು. ಇಬ್ಬರ ತಲೆಯೂ ಬಡಗಣಕ್ಕೇ ಇದ್ದರೆ ಈ ಕಡೆ ಗಂಡನ ಹುದ್ದೆ ಹೋಯಿತು. ಮಂಚವನ್ನು ಅಡ್ಡ ಹಾಕೋಣವೆಂದರೆ ಚಿಮಣಿ ಒಂದು ಕಡೆ, ಗೋಡೆ ಒಂದು ಕಡೆ, ಕೋಣೆಯ ಅಗಲ ಸಾಲದು. ಬೇರೆ ಬೇರೆ ಕೋಣೆಯಲ್ಲಿ ಮಲಗೋಣವೆಂದು ಇಬ್ಬರಲ್ಲೊಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ವರ್ಷದಲ್ಲಿ ಎಂಥೆಂಥ ಜಗಳವಾದರೂ ಅದೊಂದು ಆಗಿರಲಿಲ್ಲ.

ಕೊನೆಗೆ ಆರಿನ್ ತನ್ನ ದಿಂಬನ್ನೊಂದೇ ಎತ್ತಿ ಕಾಲ ಕಡೆಗೆ ಒಗೆದ. ಹೆಂಡತಿಯ ತಲೆ ಬಡಗಣಕ್ಕೆ, ಗಂಡನ ತಲೆ ತೆಂಕಣಕ್ಕೆ. ಸಭೆಗೆ ಇನ್ನೂ ಎಷ್ಟೋ ದಿನವಿತ್ತು. ಡೆಲ್ಮರ್ ಬುದ್ಧಿ ಹೇಳಿದ: "ಲೋ, ಹಿಂದಿನ ರಾತ್ರಿ ಒಂದಿನ ತಿರುಗಿ ಮಲಗಿದ್ರೆ ಸಾಲದೇನೋ?"

"ಒಂದೇ ರಾತ್ರಿ ತಿರುಗಿ ಮಲಗೋದು ಕಳ್ಳತನ," ಅಂದ ಆರಿನ್. "ಮಲಗಿದ್ರೆ ನ್ಯಾಯವಾಗಿ ಮಲಗ್ಬೇಕು."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಮಲಗಿದ ಮೇಲೆ ಶುರು. ಸೊಲಾಂಜ್‌ಳ ಪಾದ ಜನವರಿಯ ಕೆರೆಯ ಹಾಗೆ ತಣ್ಣಗೆ, ಅದು ಸೀದಾ ಆರಿನ್‌ನ ಮೂಗಿಗೆ. ಆರಿನ್‌ನ ಹೆಬ್ಬೆರಳಿನ ಉಗುರು ಕುದುರೆ ಲಾಳಕ್ಕೆ ಸಮ, ಅದು ಸೀದಾ ಅವಳ ಗಲ್ಲಕ್ಕೆ. ಒಬ್ಬರು ಹೊದಿಕೆ ಎಳೆದರೆ ಇನ್ನೊಬ್ಬರ ತಲೆ ಬರಿದು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು, ತಲೆ ಎಷ್ಟು ಚಾಚ್ಬೇಕು ಅಂತ ಯಾಕೆ ಹೇಳ್ಲಿಲ್ಲ?" ಅಂತ ಆರಿನ್ ಸೂರು ನೋಡುತ್ತಾ ಗೊಣಗಿದರೆ, "ನಿನ್ನ ಮಾತಿನಷ್ಟು ನಿನ್ನ ಕಾಲೂ ಗಬ್ಬು ನಾರಲ್ಲ" ಅಂತ ಆಚೆ ದೇಶದಿಂದ ಉತ್ತರ. ಆಮೇಲೆ ಬೈಗುಳವೂ ನಿಂತಿತು. ಬೆಳಿಗ್ಗೆ ಕಾಫಿ ಲೋಟವನ್ನು ಗೆರೆಯ ತನಕ ತಂದು ಇಟ್ಟು ಹೋಗುತ್ತಿದ್ದಳು. ಅವನು ಈಚೆಯಿಂದ ಎತ್ತಿಕೊಳ್ಳುತ್ತಿದ್ದ. ಎರಡು ದೇಶಗಳ ನಡುವೆ ಅಂಥ ತಣ್ಣನೆಯ ಸಂಬಂಧ ಆ ಮನೆಯಲ್ಲಿ ಹಿಂದೆಂದೂ ಇರಲಿಲ್ಲ. ಲೋಟ ಎತ್ತಿಕೊಳ್ಳುವಾಗ ಆರಿನ್ ದಿನವೂ ಗೆರೆಯಾಚೆ ಒಮ್ಮೆ ಇಣುಕುತ್ತಿದ್ದ. ಆದರೆ ಬೇಲಿಪಂಚ ತಾನು ಕೊಟ್ಟ ತೀರ್ಪನ್ನು ತಾನೇ ಹಿಂದಕ್ಕೆ ತೆಗೆದುಕೊಂಡದ್ದು ಎಲ್ಲಾದರೂ ಉಂಟೇ?

ಮಂಗಳವಾರ ಬಂತು. ಹಿಮ ಕರಗಿ ಕೆಸರಾಗಿ, ಸಭಾಮನೆಯ ಬಾಗಿಲಲ್ಲಿ ಬೂಟುಗಳ ಗುಡ್ಡೆ. ಶಾಲೆಯ ಬಸ್ಸು ಓಡಿಸುವ ಯೂನಿಸ್ ಬ್ಯಾಚೆಲ್ಡರ್ ಪ್ರತಿವರ್ಷದಂತೆ ಅಧ್ಯಕ್ಷೆ. ಮಕ್ಕಳನ್ನು ಕೂರಿಸಿದ ಗಂಟಲಲ್ಲೇ ದೊಡ್ಡವರನ್ನೂ ಕೂರಿಸುತ್ತಿದ್ದಳು. ಸೊಲಾಂಜ್ ಎಂದಿನಂತೆ ಪೈ ತಟ್ಟೆ ಹೊತ್ತು ಬಂದು, ಹೊರಗಿನವರಿಗೆಂದು ಇಟ್ಟ ಹಿಂದಿನ ಬೆಂಚಿನಲ್ಲಿ ಕೂತಳು. ಮುಖ ಊದಿತ್ತು. ಮುಂದಿನ ಸಾಲಿನಲ್ಲಿ ಆರಿನ್‌ನ ಮುಖವೂ ಊದಿತ್ತು. ಬೆಳಿಗ್ಗೆ ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡಿರಲಿಲ್ಲ.

ಬೇಲಿಪಂಚನ ಸರದಿ ಬಂದಾಗ ವೈಲಿ ಎದ್ದು ಗಂಟಲು ಸರಿಮಾಡಿಕೊಂಡ. "ಅಧ್ಯಕ್ಷರೇ, ಟಟಲ್ ಅವರು ನಿನ್ನೆ ರಾತ್ರಿ ತಲೆ ಎಲ್ಲಿಟ್ಟು ಮಲಗಿದ್ರು ಅಂತ ಪ್ರಮಾಣ ಮಾಡಿ ಹೇಳ್ಬೇಕು."

"ಅದನ್ನ ಕೇಳೋಕೆ ಬೇರೆ ಸಾಕ್ಷಿ ಬೇಡ್ವಾ?" ಅಂತ ಯಾರೋ ಕೂಗಿದರು. "ಓತಿಕೇತಕ್ಕೆ ಬೇಲಿ ಸಾಕ್ಷಿ ಆಗುತ್ತೆ!"

"ಸುಮ್ನೆ ಕೂರ್ರಿ, ಇಲ್ದಿದ್ರೆ ನಡ್ಕೊಂಡು ಮನೆಗೆ ಹೋಗ್ತೀರಿ," ಅಂದಳು ಯೂನಿಸ್. ಸಭೆ ಕೂತಿತು. "ಆರಿನ್, ಹೇಳಪ್ಪ. ತೆಂಕಣದಲ್ಲಿ ತಾನೇ? ಊರಿಗೆಲ್ಲ ಗೊತ್ತು ನೀನು ತಿರುಗಿ ಮಲಗ್ತಿರೋದು. ಹೂಂ ಅನ್ನು, ಊಟ ತಣ್ಣಗಾಗ್ತಿದೆ."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಡೆಲ್ಮರ್ ಆಗಲೇ ಚಪ್ಪಾಳೆಗೆ ಕೈಯೆತ್ತಿದ್ದ. ಆರಿನ್ ಎದ್ದ, ಟೋಪಿ ತೆಗೆದ, ಟೋಪಿಯನ್ನೇ ನೋಡಿದ.

"ನಿನ್ನೆ ರಾತ್ರಿ," ಅಂದ, "ನನ್ನ ತಲೆ ಕೆನಡಾದಲ್ಲಿತ್ತು."

"ಅಯ್ಯೋ ನಿನ್ನ!" ಅಂದ ಡೆಲ್ಮರ್.

"ಯಾಕೋ?" ಅಂದಳು ಯೂನಿಸ್. ಕಟ್ಟಳೆಯಲ್ಲಿ 'ಯಾಕೆ' ಅಂತ ಕೇಳುವ ಅಧಿಕಾರ ಇಲ್ಲ. ಆದರೂ ಕೇಳಿದಳು. ಸಭೆಗೂ ಕೇಳಬೇಕಾಗಿತ್ತು.

"ಆ ಕಡೆಯಿಂದ ಮೂಗು ಸೊರಗುಟ್ಟೋ ಸದ್ದು ಬಂತು. ನೆಗಡಿನೋ ಅಳುನೋ ನಂಗೆ ಗೊತ್ತಾಗ್ಲಿಲ್ಲ. ಇಷ್ಟು ವರ್ಷ ಕಿವಿ ಪಕ್ಕಾನೇ ಇತ್ತು, ಗೊತ್ತಾಗ್ತಿತ್ತು. ಆಮೇಲೆ ಅವಳು ಎದ್ದು ಬಚ್ಚಲಿಗೆ ಹೋದ್ಲು. ಬೇಲಿ ಹಾಳಾಗ್ಹೋಗ್ಲಿ ಅಂತ ನಾನು ದಿಂಬು ತಗೊಂಡು ಅವಳ ಕಡೆ ಹೋಗಿ ಮಲಗ್ದೆ." ಅವನ ದನಿ ಸಣ್ಣದಾಯಿತು. "ಬಂದ್ಲು. ನಾನಿರೋದು ನೋಡಿ, ಬೇಡ ಅಂತ ಆ ಕಡೆ ತಲೆ ಹಾಕ್ಕೊಂಡು ಮಲಗಿದ್ಲು. ಬೆಳಿಗ್ಗೆ ಮತ್ತೆ ಅವಳ ಕಾಲೇ ನನ್ನ ಮೂಗಿಗೆ."

ಊರಿಗೆ ಊರೇ ನಗಬೇಕೋ ಬೇಡವೋ ತಿಳಿಯದೆ ಕೂತಿತು. ಹಿಂದಿನ ಬೆಂಚಿನಿಂದ ಪೈ ತಟ್ಟೆ ಠಣ್ ಅಂತು.

"ಅಧ್ಯಕ್ಷರೇ! ನಂಗೆ ಮಾತಾಡ್ಬೇಕು."

ಹೊರಗಿನವರು ಮಾತಾಡಬೇಕಾದರೆ ಸಭೆ ಒಪ್ಪಬೇಕು. ಯೂನಿಸ್ ಕೇಳಿ ಮುಗಿಸುವ ಮೊದಲೇ ಸಭೆ "ಹೌದು!" ಅಂತ ಸೂರು ಹಾರುವಂತೆ ಕೂಗಿತು. ಇಲ್ಲ ಅಂದದ್ದು ವೈಲಿ ಒಬ್ಬನೇ.

"ಕತ್ತಲಲ್ಲಿ ನೋಡೋಕೆ ನಾನೇನು ಗೂಬೇನಾ?" ಅಂದಳು ಸೊಲಾಂಜ್. "ನಾನು ಅವನನ್ನ ನೋಡೇ ಇಲ್ಲ! ಪಾಪ ಮುದುಕ, ನಾಳೆ ಸಭೆ ಇದೆ, ಒಬ್ಬನೇ ಬಿದ್ದಿದಾನೆ ಅಂತ, ಪಂಚಾಯ್ತಿ ಕುರ್ಚಿ ಮನೆ ಹಾಳಾಗ್ಲಿ ಅಂತ, ನಾನು ಬಚ್ಚಲಿಂದ ಬಂದವಳು ಸೀದಾ ಅವನ ಕಡೆ ತಲೆ ಹಾಕ್ಕೊಂಡು ಮಲಗ್ದೆ. ಪಕ್ಕದಲ್ಲಿ ತಡವಿದ್ರೆ ಏನಿದೆ? ಕಾಲು! ನಾನು ಬಂದೆ ಅಂತ ಅವನು ಎದ್ದು ಆ ಕಡೆ ಓಡ್ಹೋದ ಅನ್ಕೊಂಡೆ. ಬೆಳಗಿನ ತನಕ ಅತ್ತಿದೀನಿ. ಆ ಉಗುರು ನೋಡ್ಕೊಂಡು!"

ಆಗ ನಕ್ಕರು ನೋಡಿ. ಹುರುಳಿಬೀಜದ ಪಾತ್ರೆ ಕಾಯುತ್ತಿದ್ದವರು ಸೌಟು ಕೆಳಗಿಟ್ಟು ನಕ್ಕರು. ಮುದುಕರೊಬ್ಬರ ಹಲ್ಲು ಸೆಟ್ಟು ಮುಂದಿನವರ ಕಾಲರಿಗೆ ಬಿತ್ತು. ಯೂನಿಸ್ ಸುತ್ತಿಗೆ ಕುಟ್ಟಿ ಕುಟ್ಟಿ, ಕೊನೆಗೆ ತಾನೂ ಮೇಜಿನ ಮೇಲೆ ತಲೆಯಿಟ್ಟಳು. ನಗದಿದ್ದವರು ಇಬ್ಬರೇ, ಆರಿನ್ ಮತ್ತು ಸೊಲಾಂಜ್. ಸಭೆಯ ಆ ತುದಿಯಿಂದ ಈ ತುದಿಗೆ ಒಬ್ಬರನ್ನೊಬ್ಬರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ಇರ್ಲಿ, ಇರ್ಲಿ," ಅಂದ ವೈಲಿ. "ಕಾನೂನು ಕಾನೂನು. ಟಟಲ್ ಈ ಊರಿನವರಲ್ಲ. ಉಳಿದಿರೋದು ನಾನೊಬ್ಬನೇ."

"ಒಬ್ಬನೇ ಅಲ್ಲ!" ಡೆಲ್ಮರ್ ಎದ್ದು ನಿಂತ. ಅವನ ತಲೆಯಲ್ಲಿ ಅಪರೂಪಕ್ಕೆ ದೀಪ ಹತ್ತಿತ್ತು. "ನಿನ್ನೆ ರಾತ್ರಿ ಸೊಲಾಂಜ್ ತಲೆ ಎಲ್ಲಿತ್ತು? ಇಲ್ಲಿ! ಕಟ್ಟಳೆ ಪ್ರಕಾರ ಅವಳು ನಮ್ಮೂರವಳು. ನಾನು ಸೊಲಾಂಜ್ ಹೆಸರು ಹೇಳ್ತೀನಿ!"

"ಅವರು ಪರದೇಶದವರು!" ವೈಲಿ ಚೀರಿದ.

"ನಾನು ಹುಟ್ಟಿದ್ದು ಇದೇ ಕೌಂಟಿ ಆಸ್ಪತ್ರೇಲಿ ಸ್ವಾಮಿ," ಅಂದಳು ಸೊಲಾಂಜ್. "ನಮ್ಮಮ್ಮಂಗೆ ನೋವು ಬಂದಾಗ ಹತ್ರ ಇದ್ದದ್ದು ಅದೊಂದೇ. ನಿಮ್ಮಷ್ಟೇ ಅಮೆರಿಕದವಳು ನಾನು. ಮತ್ತೆ ನಿಮ್ಮ ಬೇಲಿ ಒಂದು ಗಜ ಒಳಗಿರೋದು ಇಲ್ಲಿಂದಾನೇ ಕಾಣುತ್ತೆ."

ಕೂಗು ಓಟಿಗೆ ಹಾಕಿದರು. ವೈಲಿಯ ಕಡೆ ಅವನ ಹೆಂಡತಿ ಕೂಡ ಕೂಗಲಿಲ್ಲ. ಆಕೆಗೂ ಆ ಬೇಲಿಯಿಂದ ತಲೆಚಿಟ್ಟು ಹಿಡಿದಿತ್ತಂತೆ. ಕಾಲ್ಡರ್ ಕೌಂಟಿಯ ಆ ಊರಿಗೆ ಹೊಸ ಬೇಲಿಪಂಚಳು ಬಂದಳು. ಎಲ್ಲರೂ ತಟ್ಟೆ ಹಿಡಿದು ಊಟದ ಮೇಜಿನತ್ತ ನುಗ್ಗಿದರು.

ಆರಿನ್ ನುಗ್ಗಲಿಲ್ಲ. ಬೂಟು ಹಾಕಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ನಗುವೆಲ್ಲ ಸರಿ, ಆದರೆ ಅವನ ಎದೆಯಲ್ಲಿ ಒಂದು ಕಡೆ ಖಾಲಿ ಖಾಲಿ. ನಾಳೆ ಬೆಳಿಗ್ಗೆ ಕನ್ನಡಿಯಲ್ಲಿ ಯಾರನ್ನು ನೋಡಲಿ ಅಂತ ಅವನಿಗೆ ಹೊಳೆಯಲಿಲ್ಲ. ಸೊಲಾಂಜ್ ಒಂದೇ ತಟ್ಟೆಯಲ್ಲಿ ಇಬ್ಬರಿಗೂ ಹಾಕಿಸಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ಆ ಕಡೆ ನಿನ್ನ ಕುರ್ಚಿ ಹೋಗುತ್ತಲ್ಲ," ಅಂದ.

"ಹೋಗ್ಲಿ ಬಿಡು. ಚರಂಡಿ ಬಿಟ್ಟು ಬೇರೆ ಮಾತೇ ಇಲ್ಲ ಅಲ್ಲಿ. ನಂಗೆ ಯಾವತ್ತೋ ಸಾಕಾಗಿತ್ತು."

ಆರಿನ್ ತಿರುಗಿ ನೋಡಿದ. "ಸಾಕಾಗಿತ್ತಾ? ಮತ್ತೆ ಮಂಚ ತಿರುಗಿಸು ಅಂದಾಗ ಯಾಕೆ ಬಿಡ್ಲಿಲ್ಲ?"

"ತಿರುಗಿಸು ಅಂದೆ," ಅಂದಳು ಸೊಲಾಂಜ್. "ತಿರುಗಿಸ್ಲಾ ಅಂತ ಕೇಳ್ಲಿಲ್ಲ. ಕೇಳಿದ್ರೆ ಅವತ್ತೇ ಕೊಡ್ತಿದ್ದೆ, ಪೆದ್ದ. ಅಳತೆಪಟ್ಟಿ ಹಿಡ್ಕೊಂಡು ಬಂದೆ ನೀನು."

ಊರಿನವರ ಬೇಲಿಯೆಲ್ಲ ನೋಡಿದವನು, ಹುರುಳಿಬೀಜವನ್ನು ಚಮಚದಿಂದ ಆ ಕಡೆ ಈ ಕಡೆ ಮಾಡಿದ. ಕೆಸರು ರಸ್ತೆಯಲ್ಲಿ ವೈಲಿಯ ಕಾರು ಹಿಮ್ಮುಖ ತಿರುಗಿ, ಹೂತು, ಚಕ್ರ ಗಿರಗಿರ ಸುತ್ತಿತು. ಯಾರೂ ತಳ್ಳಲು ಹೋಗಲಿಲ್ಲ. ಆರಿನ್ ಚಮಚವನ್ನು ತಟ್ಟೆಯಲ್ಲಿಟ್ಟ.

"ಸೊಲಾಂಜ್."

"ಏನು?"

"ನಾಳೆ ಬೇಲಿ ನೋಡೋಕೆ ಹೋಗ್ತೀಯಲ್ಲ. ನಾನೂ ಬರ್ಲಾ?"

ಅವಳು ಅವನ ಗಲ್ಲಕ್ಕೆ ಅಂಟಿದ್ದ ಬೀಜದ ಸಿಪ್ಪೆಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ಕೇಳಿದ್ಯಲ್ಲ," ಅಂದಳು. "ಬಾ."